ಅರಾಫತ್ ನಂತರದ ಹದಿನಾಲ್ಕು ತಿಂಗಳು: ಇಸ್ರೇಲ್–ಪ್ಯಾಲೆಸ್ಟೀನ್ ಶಾಂತಿಯ ಆಸೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾಲೆಸ್ಟೀನಿಯನ್ನರ ನಾಯಕ ಯಾಸರ್ ಅರಾಫತ್ 2004ರ ನವೆಂಬರ್ 11ರಂದು ಪ್ಯಾರಿಸ್ ಸಮೀಪದ ಸೇನಾ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅಲ್ಲಿಂದ 2006ರ ಜನವರಿಯವರೆಗಿನ ಹದಿನಾಲ್ಕು ತಿಂಗಳಲ್ಲಿ, ನಾಲ್ಕು ವರ್ಷಗಳ ರಕ್ತಪಾತದಿಂದ ಬಸವಳಿದಿದ್ದ ಎರಡೂ ಸಮಾಜಗಳಲ್ಲಿ, ಈ ಸಲ ಏನಾದರೂ ಆಗಬಹುದೇನೋ ಎಂಬ ಆಸೆ ಚಿಗುರಿತು, ಹಾಗೆಯೇ ಬಾಡಿತು. ಆ ಆಸೆ ಹುಟ್ಟಿದ್ದು ಹೇಗೆ, ಬಾಡಿದ್ದು ಎಲ್ಲಿ ಎಂದು ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ.

ಇಪ್ಪತ್ತು ವರ್ಷ ಹಿಂದಿನ ಸಂಗತಿಯನ್ನು ಈಗ ಏಕೆ ಓದಬೇಕು?

ಅಲ್ಲಿ ನಾಯಕತ್ವ ಬದಲಾದರೆ ಶಾಂತಿ ಬಂದೀತು ಎಂಬ ಮಾತು ಇಂದಿಗೂ ಕೇಳಿಬರುತ್ತಿದೆ. ಆ ಮಾತನ್ನು ನಿಜವಾಗಿ ಒರೆಗೆ ಹಚ್ಚಿ ನೋಡಿದ ಕಾಲವೆಂದರೆ 2005. ಒಂದು ಕಡೆ ಹೊಸ ನಾಯಕ ಬಂದಿದ್ದರು. ಇನ್ನೊಂದು ಕಡೆ ಹಳೆಯ ನಾಯಕರೇ ಯಾರೂ ನಿರೀಕ್ಷಿಸದ ದಾರಿ ಹಿಡಿದಿದ್ದರು. ಇಷ್ಟು ಅನುಕೂಲವಿದ್ದೂ ಅದು ಕೈಗೂಡಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಗಾಜಾ ಕದನವಿರಾಮಕ್ಕಾಗಿ ಹಲವು ದೇಶಗಳ ಮುಖಂಡರು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಸೇರಿದಾಗ, ಅದೇ ಊರಿನಲ್ಲಿ 2005ರ ಫೆಬ್ರುವರಿಯಲ್ಲಿ ನಡೆದ ಸಭೆಯನ್ನು ನೆನೆಯದೆ ಇರುವುದು ಈ ಬರಹಗಾರನಿಗೆ ಸಾಧ್ಯವಾಗಲಿಲ್ಲ. ಮೊದಲ ಸಭೆಯಲ್ಲಿ ಇಸ್ರೇಲ್ ಪ್ರಧಾನಿಯ ಎದುರು ಕುಳಿತಿದ್ದ ಮಹಮೂದ್ ಅಬ್ಬಾಸ್ ಎರಡನೆಯದಕ್ಕೂ ಬಂದಿದ್ದರು, ಇಸ್ರೇಲಿನ ಪ್ರಧಾನಿ ಮಾತ್ರ ಬಂದಿರಲಿಲ್ಲ.

ಅರಾಫತ್ ಸಾವಿನ ನಂತರವೇ ಆಸೆ ಹುಟ್ಟಿದ್ದು ಏಕೆ?

ಅರಾಫತ್ ತಮ್ಮ ಜನರಿಗೆ ಹೋರಾಟದ ಮುಖವಾಗಿದ್ದರು, ಇಸ್ರೇಲಿಗೆ ಮತ್ತು ಅಮೆರಿಕದ ಬುಷ್ ಸರ್ಕಾರಕ್ಕೆ ಮಾತುಕತೆಗೆ ಕರೆಯಲಾಗದ ವ್ಯಕ್ತಿಯಾಗಿದ್ದರು. 2000ದ ಸೆಪ್ಟೆಂಬರ್‌ನಲ್ಲಿ ಎರಡನೆಯ ಇಂತಿಫಾದಾ ಎಂಬ ದಂಗೆ ಆರಂಭವಾದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯನ್ನರು ಮತ್ತು ಸುಮಾರು ಒಂದು ಸಾವಿರ ಇಸ್ರೇಲಿಗಳು ಸತ್ತಿದ್ದರು. ಬಸ್ಸು ಹತ್ತಲು ಹೆದರುವ ತಾಯಂದಿರು ಒಂದು ಕಡೆಯಾದರೆ, ಪಕ್ಕದ ಊರಿನ ಆಸ್ಪತ್ರೆಗೆ ಹೋಗಲು ತಪಾಸಣಾ ಠಾಣೆಯಲ್ಲಿ ಗಂಟೆಗಟ್ಟಲೆ ಕಾಯುವ ಗರ್ಭಿಣಿಯರು ಇನ್ನೊಂದು ಕಡೆ. ಕೊನೆಯ ವರ್ಷಗಳಲ್ಲಿ ಅರಾಫತ್ ರಾಮಲ್ಲಾದ ಮುಕಾತಾ ಎಂಬ ತಮ್ಮ ಕಚೇರಿಯಲ್ಲೇ, ಇಸ್ರೇಲಿ ಸೇನೆಯ ಮುತ್ತಿಗೆಯಲ್ಲಿ, ಅರ್ಧ ಕುಸಿದ ಕಟ್ಟಡಗಳ ನಡುವೆ ಬದುಕಿದ್ದರು. ಅವರು ಇರುವತನಕ ಮಾತುಕತೆಯಿಲ್ಲ ಎಂದು ಇಸ್ರೇಲ್ ಹೇಳುತ್ತಿತ್ತು. ಆ ಕಾರಣ ಸರಿಯೋ ತಪ್ಪೋ, ನವೆಂಬರ್ 11ರ ನಂತರ ಅದು ಉಳಿಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅರಾಫತ್ ಹೋದರೆ ಬಣಬಣಗಳ ನಡುವೆ ಬಂದೂಕು ಮಾತನಾಡುತ್ತದೆ ಎಂದು ಬಹಳ ಜನ ಊಹಿಸಿದ್ದರು. ಹಾಗಾಗಲಿಲ್ಲ. ಕಾನೂನಿನ ಪ್ರಕಾರ ಶಾಸನಸಭೆಯ ಸ್ಪೀಕರ್ ಆಗಿದ್ದ ರೌಹಿ ಫತ್ತೂಹ್ ಅರವತ್ತು ದಿನಗಳ ಅವಧಿಗೆ ಹಂಗಾಮಿ ಅಧ್ಯಕ್ಷರಾದರು, ಆ ಅವಧಿಯೊಳಗೆ ಚುನಾವಣೆಯೂ ನಡೆಯಿತು. ಸ್ವಂತ ದೇಶವಿಲ್ಲದ, ಬೀದಿಬೀದಿಯಲ್ಲಿ ಪರಕೀಯ ಸೇನೆ ನಿಂತಿದ್ದ ಜನ ಇಷ್ಟು ಶಿಸ್ತಿನಿಂದ ಅಧಿಕಾರ ಹಸ್ತಾಂತರ ಮಾಡಿದ್ದನ್ನು ಆ ಕಾಲದಲ್ಲಿ ಸಾಕಷ್ಟು ಮೆಚ್ಚಿಕೊಳ್ಳಲಿಲ್ಲ ಎಂಬುದು ನನ್ನ ಅನಿಸಿಕೆ.

ಮಹಮೂದ್ ಅಬ್ಬಾಸ್ ಎಂಥವರು? ಅವರ ಮೇಲೆ ನಂಬಿಕೆ ಇಡಲು ಏನು ಕಾರಣವಿತ್ತು?

ಅಬು ಮಾಜೆನ್ ಎಂದು ಕರೆಸಿಕೊಳ್ಳುವ ಅಬ್ಬಾಸ್ 1935ರಲ್ಲಿ, ಇಂದು ಇಸ್ರೇಲಿನೊಳಗಿರುವ ಸಫೆದ್ ಪಟ್ಟಣದಲ್ಲಿ ಹುಟ್ಟಿದವರು. 1948ರಲ್ಲಿ ಅವರ ಕುಟುಂಬ ಮನೆ ತೊರೆದು ಸಿರಿಯಾ ಸೇರಿತು. 1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಅರಾಫತ್ ಮತ್ತು ಇಸ್ರೇಲಿನ ಅಂದಿನ ಪ್ರಧಾನಿ ಯಿಟ್ಜಾಕ್ ರಾಬಿನ್ ಕೈಕುಲುಕಿದ ಚಿತ್ರ ಎಲ್ಲರಿಗೂ ನೆನಪಿದೆ. ಆದರೆ ಪ್ಯಾಲೆಸ್ಟೀನಿಯನ್ನರ ಸ್ವಯಮಾಡಳಿತಕ್ಕೆ ದಾರಿ ತೆರೆದ ಓಸ್ಲೋ ಒಪ್ಪಂದದ ಆ ಕಾಗದಕ್ಕೆ ಪ್ಯಾಲೆಸ್ಟೀನಿಯನ್ನರ ಪರವಾಗಿ ಸಹಿ ಹಾಕಿದ್ದು ಅಬ್ಬಾಸ್, ಇಸ್ರೇಲಿನ ಪರವಾಗಿ ಶಿಮೊನ್ ಪೆರೆಸ್. ಸಮವಸ್ತ್ರ ತೊಡುತ್ತಿದ್ದ ಅರಾಫತ್ ಎದುರು, ಸೂಟು ತೊಟ್ಟು ಮೆಲುದನಿಯಲ್ಲಿ ಮಾತನಾಡುವ ಅಬ್ಬಾಸ್ ಯಾವುದೋ ಕಾಲೇಜಿನ ಮೇಷ್ಟ್ರಂತೆ ಕಾಣುತ್ತಿದ್ದರು.

ಅವರ ಬಗ್ಗೆ ನಂಬಿಕೆ ಮೂಡಲು ಮುಖ್ಯ ಕಾರಣ, ಸಶಸ್ತ್ರ ದಂಗೆ ತಮ್ಮ ಜನರಿಗೇ ಹಾನಿ ಮಾಡಿದೆ ಎಂಬುದನ್ನು ಅವರು ಚುನಾವಣೆಗೆ ಮೊದಲೇ, ಅರಬ್ಬಿ ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ಹೇಳಿದ್ದು. ಮತ ಕೇಳುವವರು ಸಾಮಾನ್ಯವಾಗಿ ಇಂಥ ಮಾತು ಆಡುವುದಿಲ್ಲ. ಅವರ ದೌರ್ಬಲ್ಯವೂ ಗುಟ್ಟಾಗಿರಲಿಲ್ಲ. 2003ರಲ್ಲಿ ಪ್ರಧಾನಿಯಾಗಿದ್ದ ಅವರು ಒಂದು ಕಡೆ ಅರಾಫತ್ ಬಿಗಿಹಿಡಿತ, ಇನ್ನೊಂದು ಕಡೆ ಇಸ್ರೇಲಿನಿಂದ ಏನೂ ಸಿಗದ ಸ್ಥಿತಿ, ಇವುಗಳ ನಡುವೆ ಸಿಕ್ಕಿ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟಿದ್ದರು. ಹಿಂಸೆ ಬೇಡ ಎನ್ನುವ ನಾಯಕನ ಕೈಗೆ, ಹಿಂಸೆಯಿಲ್ಲದೆಯೂ ಏನಾದರೂ ದಕ್ಕುತ್ತದೆ ಎಂದು ಜನರಿಗೆ ತೋರಿಸಲು ಏನಾದರೂ ಸಿಗಬೇಕು. 2003ರಲ್ಲಿ ಅದು ಸಿಗಲಿಲ್ಲ. 2005ರ ಕಥೆಯ ಬಹುಭಾಗ ಈ ಒಂದು ಮಾತಿನಲ್ಲೇ ಅಡಗಿದೆ ಎಂದು ನಾನು ನಂಬಿದ್ದೇನೆ.

2005ರ ಜನವರಿಯ ಚುನಾವಣೆ ನ್ಯಾಯವಾಗಿ ನಡೆಯಿತೇ?

ಬಹುಮಟ್ಟಿಗೆ ನಡೆಯಿತು. ಜನವರಿ 9ರಂದು ಮತದಾನವಾಯಿತು. ಅಬ್ಬಾಸ್ ಶೇ 62ರಷ್ಟು ಮತ ಪಡೆದರು. ಎರಡನೆಯ ಸ್ಥಾನದಲ್ಲಿದ್ದ ವೈದ್ಯ ಮುಸ್ತಫಾ ಬರ್ಗೂತಿ ಅವರಿಗೆ ಸುಮಾರು ಶೇ 20 ಸಿಕ್ಕಿತು. ಅರಾಫತ್ 1996ರಲ್ಲಿ ಶೇ 88ರಷ್ಟು ಮತ ಪಡೆದಿದ್ದಕ್ಕೆ ಹೋಲಿಸಿದರೆ ಇದು ನಿಜವಾದ ಸ್ಪರ್ಧೆಯ ಅಂಕಿ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೇರಿದಂತೆ ನೂರಾರು ವಿದೇಶಿ ವೀಕ್ಷಕರು ಬಂದಿದ್ದರು. ಹಮಾಸ್ ಚುನಾವಣೆಯನ್ನು ಬಹಿಷ್ಕರಿಸಿತ್ತು. ಇಸ್ರೇಲಿನ ಜೈಲಿನಲ್ಲಿದ್ದ ಜನಪ್ರಿಯ ನಾಯಕ ಮರ್ವಾನ್ ಬರ್ಗೂತಿ ಸ್ಪರ್ಧಿಸುವುದಾಗಿ ಹೇಳಿ ನಂತರ ಹಿಂದೆ ಸರಿದರು. ಪೂರ್ವ ಜೆರುಸಲೇಮಿನಲ್ಲಿ ಮತಗಟ್ಟೆಗಳಿಗೆ ಅವಕಾಶವಿಲ್ಲದೆ ಅಂಚೆ ಕಚೇರಿಗಳಲ್ಲಿ ಮತ ಹಾಕಬೇಕಾಯಿತು. ಅಲ್ಲಿ ಮತ ಹಾಕಿದರೆ ತಮ್ಮ ನಿವಾಸದ ಹಕ್ಕಿಗೆ ಕುತ್ತು ಬರಬಹುದೆಂದು ಹೆದರಿದವರೂ ಇದ್ದರು.

ಪ್ರಚಾರದ ದಿನಗಳ ಒಂದು ಘಟನೆಯನ್ನು ಮರೆಯಬಾರದು. ಜನವರಿ 4ರಂದು ಉತ್ತರ ಗಾಜಾದ ಬೇತ್ ಲಾಹಿಯಾದಲ್ಲಿ, ಸ್ಟ್ರಾಬೆರಿ ಹೊಲವೊಂದರಲ್ಲಿದ್ದ ಏಳು ಮಂದಿ ಇಸ್ರೇಲಿ ಟ್ಯಾಂಕಿನ ಗುಂಡಿಗೆ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹದಿಹರೆಯದವರು. ಆ ಕಡೆಯಿಂದ ಮಾರ್ಟರ್ ಹಾರಿಸಿದವರನ್ನು ಗುರಿ ಮಾಡಿದ್ದೆವೆಂದು ಸೇನೆ ಹೇಳಿತು. ಅಂದು ಪ್ರಚಾರದಲ್ಲಿದ್ದ ಅಬ್ಬಾಸ್, ಎಂದೂ ಬಳಸದಷ್ಟು ಕಟುವಾದ ಮಾತಿನಲ್ಲಿ ಇಸ್ರೇಲನ್ನು ಶತ್ರುವೆಂದು ಕರೆದರು. ಅವರು ಬದಲಾಗಿಬಿಟ್ಟರು ಎಂದು ಇಸ್ರೇಲಿನಲ್ಲಿ ಗುಲ್ಲೆದ್ದಿತು. ಸತ್ತ ಮಕ್ಕಳ ಊರಿಗೆ ಮತ ಕೇಳಲು ಹೋಗಬೇಕಾದ ಮನುಷ್ಯ ಬೇರೆ ಏನು ಹೇಳಲು ಸಾಧ್ಯವಿತ್ತು ಎಂದು ಕೇಳಿದವರು ಕಡಿಮೆ.

ಏರಿಯಲ್ ಶರೋನ್ ಹೊಸಬರಲ್ಲವಲ್ಲ, ಅವರನ್ನು 'ಹೊಸ ನಾಯಕತ್ವ'ಕ್ಕೆ ಸೇರಿಸುವುದು ಹೇಗೆ?

ಆಗ ಇಸ್ರೇಲಿನ ಪ್ರಧಾನಿಯಾಗಿದ್ದ ಈ ವ್ಯಕ್ತಿ ಹಳಬರು, ಹಿಡಿದ ದಾರಿ ಹೊಸದು. 1982ರ ಲೆಬನಾನ್ ಯುದ್ಧದ ವೇಳೆ ರಕ್ಷಣಾ ಸಚಿವರಾಗಿದ್ದ ಶರೋನ್, ಸಬ್ರಾ ಮತ್ತು ಶತೀಲಾ ನಿರಾಶ್ರಿತರ ಶಿಬಿರಗಳ ಹತ್ಯಾಕಾಂಡದ ವಿಚಾರದಲ್ಲಿ ಇಸ್ರೇಲಿನದೇ ತನಿಖಾ ಆಯೋಗದಿಂದ ತಪ್ಪಿತಸ್ಥರೆನಿಸಿಕೊಂಡು ಆ ಖಾತೆ ಬಿಟ್ಟವರು. ಆಕ್ರಮಿತ ನೆಲದಲ್ಲಿ ಯಹೂದಿ ವಸಾಹತುಗಳನ್ನು ಹಬ್ಬಿಸಿದವರಲ್ಲಿ ಅವರೇ ಮುಂಚೂಣಿಯವರು. ಅಂಥವರು 2003ರ ಡಿಸೆಂಬರ್‌ನಲ್ಲಿ ಗಾಜಾದಿಂದ ಸೇನೆಯನ್ನೂ ವಸಾಹತುಗಳನ್ನೂ ತೆಗೆಯುವ ಯೋಜನೆಯನ್ನು ಪ್ರಕಟಿಸಿದಾಗ ಅವರ ಪಕ್ಷದವರೇ ದಂಗಾದರು. 2004ರ ಅಕ್ಟೋಬರ್ 26ರಂದು ಸಂಸತ್ತು 67–45 ಮತಗಳಿಂದ ಅದನ್ನು ಒಪ್ಪಿತು. ಲಿಕುಡ್ ಪಕ್ಷ ಒಡಕಿನ ಅಂಚಿಗೆ ಬಂದಿತು. 2005ರ ಜನವರಿಯಲ್ಲಿ ಲೇಬರ್ ಪಕ್ಷ ಸರ್ಕಾರಕ್ಕೆ ಸೇರಿ ಪೆರೆಸ್ ಉಪಪ್ರಧಾನಿ ಸ್ಥಾನಕ್ಕೆ ಬಂದ ಮೇಲೆ, ಓಸ್ಲೋಗೆ ಸಹಿ ಹಾಕಿದ ಇಬ್ಬರೂ ಎರಡು ಕಡೆಯ ಅಧಿಕಾರದಲ್ಲಿದ್ದರು. ಆಸೆಗೆ ಇದೂ ಒಂದು ಆಧಾರವಾಗಿತ್ತು.

ಶರ್ಮ್ ಎಲ್ ಶೇಖ್ ಸಭೆಯಲ್ಲಿ ಏನು ನಿರ್ಧಾರವಾಯಿತು?

2005ರ ಫೆಬ್ರುವರಿ 8ರಂದು ಈಜಿಪ್ಟಿನ ಅಧ್ಯಕ್ಷ ಹೋಸ್ನಿ ಮುಬಾರಕ್ ಆತಿಥ್ಯದಲ್ಲಿ, ಜೋರ್ಡನ್ ದೊರೆ ಎರಡನೆಯ ಅಬ್ದುಲ್ಲಾ ಸಮ್ಮುಖದಲ್ಲಿ, ಶರೋನ್ ಮತ್ತು ಅಬ್ಬಾಸ್ ಮೇಜಿನ ಎರಡು ಬದಿಯಿಂದ ಬಾಗಿ ಕೈಕುಲುಕಿದರು. ಎಲ್ಲೆಡೆಯ ಎಲ್ಲ ಬಗೆಯ ಹಿಂಸೆಯನ್ನು ನಿಲ್ಲಿಸುವುದಾಗಿ ಇಬ್ಬರೂ ಬೇರೆಬೇರೆಯಾಗಿ ಘೋಷಿಸಿದರು. ಜಂಟಿಯಾಗಿ ಸಹಿ ಮಾಡಿದ ಒಪ್ಪಂದ ಇರಲಿಲ್ಲ. ಇಸ್ರೇಲ್ 900 ಕೈದಿಗಳನ್ನು ಬಿಡುವುದಾಗಿ, ಜೆರಿಕೊ, ತುಲ್ಕರ್ಮ್, ಕಲ್ಕಿಲಿಯಾ, ಬೆತ್ಲೆಹೆಮ್ ಮತ್ತು ರಾಮಲ್ಲಾ ಎಂಬ ಐದು ಪಟ್ಟಣಗಳ ಭದ್ರತೆಯನ್ನು ಪ್ಯಾಲೆಸ್ಟೀನಿಯನ್ ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿತು. 2000ದಲ್ಲಿ ವಾಪಸು ಕರೆಸಿಕೊಂಡಿದ್ದ ರಾಯಭಾರಿಗಳನ್ನು ಈಜಿಪ್ಟ್ ಮತ್ತು ಜೋರ್ಡನ್ ಮತ್ತೆ ಕಳುಹಿಸಿದವು.

ಈ ಸಭೆಗೆ ಬರುವ ದಾರಿಯೇ ಸುಲಭವಾಗಿರಲಿಲ್ಲ. ಅಬ್ಬಾಸ್ ಪ್ರಮಾಣವಚನಕ್ಕೆ ಎರಡು ದಿನ ಮುಂಚೆ, ಜನವರಿ 13ರಂದು, ಗಾಜಾದ ಸರಕು ಸಾಗಣೆಯ ಕಾರ್ನಿ ಗಡಿದ್ವಾರದ ಮೇಲೆ ದಾಳಿ ನಡೆದು ಆರು ಇಸ್ರೇಲಿಗಳು ಸತ್ತರು. ಇನ್ನೂ ಅಧಿಕಾರ ವಹಿಸಿಕೊಳ್ಳದ ಅಬ್ಬಾಸ್ ಜೊತೆಗಿನ ಸಂಪರ್ಕವನ್ನು ಶರೋನ್ ಕಡಿದುಕೊಂಡರು. ಅಬ್ಬಾಸ್ ಉತ್ತರ ಗಾಜಾದ ಉದ್ದಕ್ಕೂ ಪೊಲೀಸರನ್ನು ನಿಲ್ಲಿಸಿದರು, ರಾಕೆಟ್ ದಾಳಿ ಗಮನಾರ್ಹವಾಗಿ ಇಳಿಯಿತು, ಆಮೇಲೆಯೇ ಸಂಪರ್ಕ ಮರಳಿತು.

ಹಮಾಸ್ ಮತ್ತು ಇತರ ಸಶಸ್ತ್ರ ಗುಂಪುಗಳು ಕದನವಿರಾಮಕ್ಕೆ ಒಪ್ಪಿದ್ದವೇ?

ಒಪ್ಪಿದ್ದವು, ತಮ್ಮದೇ ಷರತ್ತಿನ ಮೇಲೆ. 2005ರ ಮಾರ್ಚ್‌ನಲ್ಲಿ ಕೈರೋದಲ್ಲಿ ಸೇರಿದ ಪ್ಯಾಲೆಸ್ಟೀನಿಯನ್ ಬಣಗಳು ವರ್ಷಾಂತ್ಯದವರೆಗೆ 'ತಹ್ದಿಯಾ', ಅಂದರೆ ಶಮನದ ಸ್ಥಿತಿ, ಕಾಯ್ದುಕೊಳ್ಳಲು ಸಮ್ಮತಿಸಿದವು. ಪದದ ಆಯ್ಕೆಯಲ್ಲೇ ಎಚ್ಚರಿಕೆಯಿತ್ತು. ಇಸ್ಲಾಮಿಕ್ ಸಂಪ್ರದಾಯದಲ್ಲಿ ಒಪ್ಪಂದದ ತೂಕವಿರುವ 'ಹುದ್ನಾ' ಎಂಬ ಪದವನ್ನು ಅವರು ಬಳಸಲಿಲ್ಲ. ಆ ವರ್ಷ ಸಾವುಗಳು ಹಿಂದಿನ ವರ್ಷಗಳಿಗಿಂತ ಬಹಳ ಕಡಿಮೆಯಾದವು ಎಂಬುದು ನಿಜ. ಇಸ್ಲಾಮಿಕ್ ಜಿಹಾದ್ ಫೆಬ್ರುವರಿ 25ರಂದು ಟೆಲ್ ಅವೀವ್‌ನ ಕ್ಲಬ್ಬೊಂದರ ಮುಂದೆ, ಜುಲೈ 12ರಂದು ನೆತಾನ್ಯಾದ ಮಾಲ್ ಬಳಿ ಆತ್ಮಹತ್ಯಾ ಬಾಂಬ್ ದಾಳಿ ನಡೆಸಿ ತಲಾ ಐವರನ್ನು ಕೊಂದಿತು ಎಂಬುದೂ ನಿಜ. ಇಸ್ರೇಲಿನ ಬಂಧನಗಳು, ಹತ್ಯಾ ಕಾರ್ಯಾಚರಣೆಗಳು ಪೂರ್ತಿ ನಿಲ್ಲಲಿಲ್ಲ ಎಂಬುದೂ ಅಷ್ಟೇ ನಿಜ.

ಸಾಮಾನ್ಯ ಜನರ ಬದುಕಿನಲ್ಲಿ ಏನಾದರೂ ಬದಲಾಯಿತೇ?

ಮೊದಲ ಕೆಲವು ವಾರ ಬದಲಾಯಿತು. ಫೆಬ್ರುವರಿ 21ರಂದು 500 ಕೈದಿಗಳು ಬಿಡುಗಡೆಯಾದರು. ಬಸ್ಸುಗಳು ಗಡಿ ದಾಟಿ ಬಂದಾಗ ಕಿಟಕಿಯಿಂದ ಹೊರಚಾಚಿದ ಕೈಗಳನ್ನು ಹಿಡಿಯಲು ಹೆಂಗಸರು ಓಡೋಡಿ ಬಂದ ದೃಶ್ಯಗಳು ಆಗಿನ ಟಿವಿಯಲ್ಲಿ ಬಂದವು. ಆದರೆ ಬಿಡುಗಡೆಯಾದವರಲ್ಲಿ ಹೆಚ್ಚಿನವರು ಅಲ್ಪಾವಧಿಯ ಶಿಕ್ಷೆಯವರು. ದೀರ್ಘಕಾಲದಿಂದ ಒಳಗಿದ್ದವರ ಮನೆಯವರು ಕಾಯುತ್ತಲೇ ಉಳಿದರು. ಉಳಿದ ಸುಮಾರು 400 ಮಂದಿಯ ಬಿಡುಗಡೆ ಜೂನ್‌ವರೆಗೆ ಎಳೆಯಿತು.

ಪಟ್ಟಣಗಳ ಹಸ್ತಾಂತರ ಇನ್ನೂ ನಿಧಾನ. ಮಾರ್ಚ್ 16ರಂದು ಜೆರಿಕೊ, ಕೆಲವು ದಿನಗಳ ನಂತರ ತುಲ್ಕರ್ಮ್, ಅಲ್ಲಿಗೆ ನಿಂತಿತು. ಪಶ್ಚಿಮ ದಂಡೆಯ ಪಟ್ಟಣಗಳಲ್ಲಿ ಜೆರಿಕೊ ಮೊದಲಿನಿಂದಲೂ ಶಾಂತವಾಗಿದ್ದುದು. ಅಲ್ಲಿನ ಜನರಿಗೆ ಪಟ್ಟಣದೊಳಗೆ ಯಾವ ಪೊಲೀಸರು ಇರುತ್ತಾರೆ ಎನ್ನುವುದಕ್ಕಿಂತ, ಪಟ್ಟಣದಿಂದ ಹೊರಹೋಗುವ ರಸ್ತೆಯ ತಪಾಸಣಾ ಠಾಣೆ ಇರುತ್ತದೋ ಇಲ್ಲವೋ ಎಂಬುದು ಮುಖ್ಯವಾಗಿತ್ತು. ಹಸ್ತಾಂತರದ ಮಾತುಕತೆ ವಾರಗಟ್ಟಲೆ ಸಿಕ್ಕಿಬಿದ್ದದ್ದು ಕೂಡ ಅಂಥ ರಸ್ತೆಗಳು ಮತ್ತು ಠಾಣೆಗಳ ವಿಷಯದಲ್ಲೇ. ದೂರದಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆ ರಸ್ತೆಯಲ್ಲಿ ಟೊಮೆಟೊ ಸಾಗಿಸುವವನಿಗೆ, ಕಾಲೇಜಿಗೆ ಹೋಗುವವಳಿಗೆ ಶಾಂತಿ ಎಂದರೆ ಅದೇ.

ಗಾಜಾದಿಂದ ಇಸ್ರೇಲ್ ಹೊರಬಂದದ್ದು ಶಾಂತಿಯ ಹೆಜ್ಜೆಯಲ್ಲವೇ?

ಆಗಬಹುದಿತ್ತು. 2005ರ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ 12ರವರೆಗೆ ಗಾಜಾದ ಎಲ್ಲ 21 ವಸಾಹತುಗಳನ್ನೂ ಪಶ್ಚಿಮ ದಂಡೆಯ ಉತ್ತರ ಭಾಗದ 4 ವಸಾಹತುಗಳನ್ನೂ ತೆರವು ಮಾಡಲಾಯಿತು. ಗಾಜಾದಿಂದ ಹೊರಟವರು ಎಂಟು ಸಾವಿರಕ್ಕೂ ಹೆಚ್ಚು ಮಂದಿ. ಅವರ ಮನೆಗಳಿಗೆ ಹೋದ ಸೈನಿಕರು ಎಷ್ಟೋ ಕಡೆ ತಾವೇ ಅಳುತ್ತಿದ್ದರು. ಕ್ಫಾರ್ ದರೋಮ್ ವಸಾಹತಿನಲ್ಲಿ ಪ್ರಾರ್ಥನಾ ಮಂದಿರದ ಚಾವಣಿ ಏರಿ ಕುಳಿತ ಯುವಕರನ್ನು ಇಳಿಸಲು ಕ್ರೇನ್ ಬಳಸಬೇಕಾಯಿತು. ಮೂವತ್ತು ವರ್ಷ ಬೇರುಬಿಟ್ಟ ಮನೆ ತೊರೆಯುವವರ ನೋವು ನೋವೇ. ಆ ಮನೆಗಳು ಯಾರ ನೆಲದ ಮೇಲೆ ನಿಂತಿದ್ದವು ಎಂಬ ಪ್ರಶ್ನೆ ಬೇರೆ, ಅದೂ ನ್ಯಾಯವಾದದ್ದೇ. ಈ ತೆರವನ್ನು ವಿರೋಧಿಸಿ ಹಣಕಾಸು ಸಚಿವ ಬೆಂಜಮಿನ್ ನೆತನ್ಯಾಹು ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು.

ಸಮಸ್ಯೆ ಇದ್ದದ್ದು ಹೊರಬಂದ ರೀತಿಯಲ್ಲಿ. ಈ ಯೋಜನೆ ಅರಾಫತ್ ಇರುವಾಗಲೇ, ಮಾತನಾಡಲು ಎದುರಿಗೆ ಯಾರೂ ಇಲ್ಲ ಎಂಬ ವಾದದ ಮೇಲೆ ನಿಂತಿತ್ತು. ಮಾತನಾಡಲು ಮನುಷ್ಯ ಸಿಕ್ಕ ಮೇಲೂ ಯೋಜನೆಯ ಸ್ವರೂಪ ಬದಲಾಗಲಿಲ್ಲ. ಕೆಲವು ವಿವರಗಳ ಹೊಂದಾಣಿಕೆ ನಡೆಯಿತು ಎಂಬುದನ್ನು ಬಿಟ್ಟರೆ, ಒಪ್ಪಂದದ ಮೂಲಕ ಅಬ್ಬಾಸ್ ಕೈಗೆ ಗಾಜಾವನ್ನು ಕೊಡಲಿಲ್ಲ, ಏಕಪಕ್ಷೀಯವಾಗಿ ಬಿಟ್ಟು ಹೋದರು. ಅದರ ಫಲವನ್ನು ಊಹಿಸುವುದು ಕಷ್ಟವಲ್ಲ. ನಾಲ್ಕು ವರ್ಷದ ಸಶಸ್ತ್ರ ಹೋರಾಟ ಹತ್ತು ವರ್ಷದ ಮಾತುಕತೆಗಿಂತ ಹೆಚ್ಚು ಗಳಿಸಿತು ಎಂದು ಹಮಾಸ್ ಮೆರವಣಿಗೆ ಮಾಡಿತು. ಅದಕ್ಕೆ ಎದುರಾಗಿ ತೋರಿಸಲು ಅಬ್ಬಾಸ್ ಕೈಯಲ್ಲಿ ಸಹಿ ಇರುವ ಒಂದು ಕಾಗದವೂ ಇರಲಿಲ್ಲ.

ಇದು ಅಜಾಗರೂಕತೆಯೋ ಉದ್ದೇಶವೋ? ಶರೋನ್ ಅವರ ಆಪ್ತ ಸಲಹೆಗಾರ ದೋವ್ ವೈಸ್‌ಗ್ಲಾಸ್, ಈ ಯೋಜನೆಯಿಂದ ರಾಜಕೀಯ ಪ್ರಕ್ರಿಯೆಯೇ ಸ್ಥಗಿತಗೊಳ್ಳುತ್ತದೆ ಎಂದು 2004ರ ಅಕ್ಟೋಬರ್‌ನಲ್ಲಿ ಇಸ್ರೇಲಿ ಪತ್ರಿಕೆಯೊಂದರ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದೇ ಕಾಲಕ್ಕೆ ಪಶ್ಚಿಮ ದಂಡೆಯಲ್ಲಿ ಪ್ರತ್ಯೇಕತಾ ಗೋಡೆ ಏಳುತ್ತಿತ್ತು. 2005ರ ಮಾರ್ಚ್‌ನಲ್ಲಿ ಜೆರುಸಲೇಮ್ ಮತ್ತು ಮಾಲೆ ಅದುಮಿಮ್ ವಸಾಹತಿನ ನಡುವಣ ಜಾಗದಲ್ಲಿ ಸಾವಿರಾರು ಮನೆ ಕಟ್ಟುವ ಯೋಜನೆ ಸುದ್ದಿಯಾಯಿತು. ಅಮೆರಿಕದ ಒತ್ತಡದಿಂದ ಅದು ಆಗ ನಿಂತಿತು. ಅದೇ ಜಾಗದ ಯೋಜನೆಗೆ 2025ರ ಆಗಸ್ಟ್‌ನಲ್ಲಿ ಇಸ್ರೇಲ್ ಅಂತಿಮ ಒಪ್ಪಿಗೆ ಕೊಟ್ಟಿತು.

ವಸಾಹತುಗಾರರ ಹಸಿರುಮನೆಗಳನ್ನು ಪ್ಯಾಲೆಸ್ಟೀನಿಯನ್ನರು ಹಾಳು ಮಾಡಿದರು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಉಳಿದ ಅರ್ಧವನ್ನು ಹೇಳುವವರು ಕಡಿಮೆಯಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಗಾಜಾದ ವಸಾಹತುಗಳಲ್ಲಿ ಹೂವು, ಸೊಪ್ಪು, ಚೆರ್ರಿ ಟೊಮೆಟೊ ಬೆಳೆಯುವ ದೊಡ್ಡ ಹಸಿರುಮನೆಗಳಿದ್ದವು. ಅವುಗಳಲ್ಲಿ ದುಡಿಯುತ್ತಿದ್ದವರಲ್ಲಿ ಸಾವಿರಾರು ಪ್ಯಾಲೆಸ್ಟೀನಿಯನ್ ಕೂಲಿಗಳಿದ್ದರು. ವಿಶ್ವಬ್ಯಾಂಕಿನ ಮಾಜಿ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ಆಗ ಅಮೆರಿಕ, ರಷ್ಯಾ, ಐರೋಪ್ಯ ಒಕ್ಕೂಟ ಮತ್ತು ವಿಶ್ವಸಂಸ್ಥೆಗಳ ಕೂಟದ ವಿಶೇಷ ಪ್ರತಿನಿಧಿಯಾಗಿದ್ದರು. ಅವರು ದಾನಿಗಳಿಂದ 1.4 ಕೋಟಿ ಡಾಲರ್ ಕೂಡಿಸಿ, ತಮ್ಮ ಜೇಬಿನಿಂದಲೂ 5 ಲಕ್ಷ ಡಾಲರ್ ಹಾಕಿ, ಈ ಹಸಿರುಮನೆಗಳನ್ನು ವಸಾಹತುಗಾರರಿಂದ ಕೊಂಡು ಪ್ಯಾಲೆಸ್ಟೀನಿಯನ್ನರಿಗೆ ಕೊಡಿಸಿದರು. ಆ ಒಪ್ಪಂದ ಆಗುವ ಮುಂಚೆಯೇ ಹಲವು ವಸಾಹತುಗಾರರು ತಮ್ಮ ಹಸಿರುಮನೆಗಳನ್ನು ಕಳಚಿಕೊಂಡು ಹೋಗಿದ್ದರು. ಸೇನೆ ಹೊರಟ ಸೆಪ್ಟೆಂಬರ್ ದಿನಗಳಲ್ಲಿ ಗಾಜಾದ ಜನ ನುಗ್ಗಿ ಹನಿ ನೀರಾವರಿಯ ಕೊಳವೆ, ಪಂಪು, ಪ್ಲಾಸ್ಟಿಕ್ ಹಾಳೆ ದೋಚಿದ್ದು ನಿಜ. ಪೊಲೀಸರು ತಡೆಯಲು ಸಾಕಾಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪ್ಯಾಲೆಸ್ಟೀನಿಯನ್ ಕಂಪನಿಯೊಂದು ಹಸಿರುಮನೆಗಳನ್ನು ದುರಸ್ತಿ ಮಾಡಿಸಿ, ಸಾವಿರಾರು ಜನರಿಗೆ ಕೆಲಸ ಕೊಟ್ಟು, ಚಳಿಗಾಲಕ್ಕೆ ಬೆಳೆ ತೆಗೆಯಿತು. ಟೊಮೆಟೊ, ಮೆಣಸಿನಕಾಯಿ, ಸ್ಟ್ರಾಬೆರಿ ಕೈಗೆ ಬಂದವು. ಅವು ಯುರೋಪಿನ ಮಾರುಕಟ್ಟೆ ಸೇರಬೇಕಿದ್ದದ್ದು ಕಾರ್ನಿ ಗಡಿದ್ವಾರದ ಮೂಲಕ. ನವೆಂಬರ್ 15ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಂಡೊಲಿಜಾ ರೈಸ್ ರಾತ್ರಿಯಿಡೀ ಕುಳಿತು ಮಾಡಿಸಿದ ಸಂಚಾರ ಒಪ್ಪಂದದಲ್ಲಿ, ವರ್ಷಾಂತ್ಯದೊಳಗೆ ದಿನಕ್ಕೆ 150 ಲಾರಿ ಸರಕು ಕಾರ್ನಿಯಿಂದ ಹೊರಹೋಗಬೇಕೆಂದು ಬರೆದಿತ್ತು. ಆ ಸಂಖ್ಯೆಯ ಹತ್ತಿರಕ್ಕೂ ಹೋಗಲಾಗಲಿಲ್ಲ. ಭದ್ರತೆಗೆ ಅಪಾಯವಿದೆ ಎಂಬ ಕಾರಣಕ್ಕೆ 2006ರ ಮೊದಲ ತಿಂಗಳುಗಳಲ್ಲಿ ಇಸ್ರೇಲ್ ಬಹುಕಾಲ ಕಾರ್ನಿಯನ್ನು ಮುಚ್ಚಿತ್ತು. ಆ ದ್ವಾರದ ಮೇಲೆ ಮೊದಲು ದಾಳಿಗಳಾಗಿದ್ದವು, ಆದ್ದರಿಂದ ಭಯಕ್ಕೆ ಆಧಾರವಿರಲಿಲ್ಲ ಎನ್ನಲಾಗದು. ಆದರೆ ಕೊಯ್ದ ಸ್ಟ್ರಾಬೆರಿ ಎಷ್ಟು ದಿನ ಕಾಯುತ್ತದೆ? ಹಣ್ಣು ಪೆಟ್ಟಿಗೆಗಳಲ್ಲೇ ಕೊಳೆಯಿತು. ಟೊಮೆಟೊವನ್ನು ಕಸದಂತೆ ಸುರಿಯಬೇಕಾಯಿತು. ಕಂಪನಿ ನಷ್ಟದಲ್ಲಿ ಮುಳುಗಿ ಹಸಿರುಮನೆಗಳು ಖಾಲಿಯಾದವು. ತೋಟಗಾರಿಕೆ ಬೆಳೆಯನ್ನು ಲಾರಿಗೆ ಹೇರಿ ಮಾರುಕಟ್ಟೆ ತಲುಪುವವರೆಗೆ ಉಸಿರು ಬಿಗಿಹಿಡಿಯುವ ನಮ್ಮ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಂತಿ ಬಯಸುವ ಜನ ಹಮಾಸ್‌ಗೆ ಮತ ಹಾಕಿದ್ದು ಏಕೆ?

2006ರ ಜನವರಿ 25ರ ಶಾಸನಸಭಾ ಚುನಾವಣೆಯಲ್ಲಿ 132 ಸ್ಥಾನಗಳ ಪೈಕಿ ಹಮಾಸ್ 74, ಅಬ್ಬಾಸ್ ಅವರ ಪಕ್ಷವಾದ ಫತಾ 45 ಗೆದ್ದವು. ಮತಗಳ ಲೆಕ್ಕದಲ್ಲಿ ಅಂತರ ಇಷ್ಟಿರಲಿಲ್ಲ. ಹಮಾಸ್‌ಗೆ ಸುಮಾರು ಶೇ 44, ಫತಾಗೆ ಸುಮಾರು ಶೇ 41. ಒಂದೇ ಕ್ಷೇತ್ರದಲ್ಲಿ ಫತಾದ ಹಲವರು ಬಂಡಾಯವಾಗಿ ನಿಂತು ಮತ ಒಡೆದದ್ದು ಹಮಾಸ್‌ಗೆ ಲಾಭವಾಯಿತು. ಭ್ರಷ್ಟಾಚಾರದಿಂದ ಜನ ರೋಸಿಹೋಗಿದ್ದರು. ಹಮಾಸ್ ತನ್ನ ಪಟ್ಟಿಗೆ 'ಬದಲಾವಣೆ ಮತ್ತು ಸುಧಾರಣೆ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅದರ ಜೊತೆಗೆ, ಮಾತುಕತೆಯ ದಾರಿ ಹಿಡಿದ ಅಬ್ಬಾಸ್ ಒಂದು ವರ್ಷದಲ್ಲಿ ಮನೆಗೆ ತಂದದ್ದೇನು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಅಷ್ಟರಲ್ಲಿ ಇಸ್ರೇಲಿನಲ್ಲೂ ಚಿತ್ರ ಬದಲಾಗಿತ್ತು. 2005ರ ನವೆಂಬರ್‌ನಲ್ಲಿ ಲಿಕುಡ್ ಬಿಟ್ಟು ಕಾದಿಮಾ ಪಕ್ಷ ಕಟ್ಟಿದ ಶರೋನ್ 2006ರ ಜನವರಿ 4ರಂದು ಮೆದುಳಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿದರು. ಎಂಟು ವರ್ಷ ಹಾಗೆಯೇ ಇದ್ದು 2014ರಲ್ಲಿ ತೀರಿಕೊಂಡರು.

ಇದರಲ್ಲಿ ತಪ್ಪು ಯಾರದು?

ಒಬ್ಬರ ಹೆಸರು ಹೇಳಿ ಕೈತೊಳೆದುಕೊಳ್ಳುವ ವಿಷಯ ಇದಲ್ಲ. ತಮ್ಮ ಜನರ ಬಸ್ಸುಗಳನ್ನು ಉಡಾಯಿಸಿದವರ ಬಗ್ಗೆ ಇಸ್ರೇಲಿಗಳಿಗಿದ್ದ ಭಯ ಕೃತಕವಾದುದಲ್ಲ. ಕದನವಿರಾಮದ ನಡುವೆಯೂ ಬಾಂಬ್ ಕಳುಹಿಸಿದವರು ಶಾಂತಿಗೆ ಮಾಡಿದ ದ್ರೋಹಕ್ಕೆ ಕ್ಷಮೆಯಿಲ್ಲ. ಅಬ್ಬಾಸ್ ತಮ್ಮ ಪಕ್ಷದ ಭ್ರಷ್ಟರನ್ನು, ಶಸ್ತ್ರ ಹಿಡಿದ ಗುಂಪುಗಳನ್ನು ಹದ್ದುಬಸ್ತಿಗೆ ತರಲಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ನನ್ನ ತೀರ್ಮಾನ ಹೀಗಿದೆ: ಬಲವಿದ್ದದ್ದು ಇಸ್ರೇಲಿನ ಕೈಯಲ್ಲಿ, ಗಡಿ, ರಸ್ತೆ, ಕೈದಿ, ನೆಲ ಎಲ್ಲವೂ ಅದರ ವಶದಲ್ಲಿ. ಮೊದಲು ನೀನು ಬಲಶಾಲಿ ಎಂದು ತೋರಿಸು, ಆಮೇಲೆ ಕೊಡುತ್ತೇನೆ ಎಂದು ದುರ್ಬಲನಿಗೆ ಹೇಳಿದರೆ ಅವನು ಎಂದಿಗೂ ಬಲಶಾಲಿಯಾಗುವುದಿಲ್ಲ. ಅಮೆರಿಕವೂ ಶಬ್ದಗಳಲ್ಲಿ ಅಬ್ಬಾಸ್ ಅವರನ್ನು ಹೊಗಳಿತು. ಹೊಗಳಿಕೆಯನ್ನು ತಪಾಸಣಾ ಠಾಣೆಯಲ್ಲಿ ತೋರಿಸಿ ದಾಟಲು ಬರುವುದಿಲ್ಲ.

ಹಾಗಾದರೆ ಆಗ ಆಸೆ ಇಟ್ಟುಕೊಂಡದ್ದೇ ತಪ್ಪಲ್ಲವೇ?

ಅಲ್ಲ. 2005ರಲ್ಲಿ ಬದುಕುಳಿದವರು ನೂರಾರು ಮಂದಿ. ಹಿಂದಿನ ವರ್ಷಗಳ ವೇಗದಲ್ಲೇ ಕೊಲೆಗಳು ನಡೆದಿದ್ದರೆ ಅವರು ಇಂದು ಇರುತ್ತಿರಲಿಲ್ಲ. ಅವರ ಮಕ್ಕಳೂ ಇರುತ್ತಿರಲಿಲ್ಲ. ಕದನವಿರಾಮ ಶಾಶ್ವತ ಶಾಂತಿಯಾಗಲಿಲ್ಲ ಎಂಬ ಕಾರಣಕ್ಕೆ ಆ ವರ್ಷವನ್ನು ಸೋಲೆಂದು ಬರೆದುಬಿಡುವುದು ನ್ಯಾಯವಲ್ಲ.

ಭಾರತಕ್ಕೂ ಕರ್ನಾಟಕಕ್ಕೂ ಇದರೊಂದಿಗೆ ಏನು ನಂಟು?

ಭಾರತ 1988ರಲ್ಲಿ ಪ್ಯಾಲೆಸ್ಟೀನ್ ದೇಶಕ್ಕೆ ಮಾನ್ಯತೆ ಕೊಟ್ಟಿತು, 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಈ ಕಥೆಯ ಇಬ್ಬರೂ ದೆಹಲಿಗೆ ಬಂದವರೇ. ಶರೋನ್ 2003ರ ಸೆಪ್ಟೆಂಬರ್‌ನಲ್ಲಿ, ಅಬ್ಬಾಸ್ 2005ರ ಮೇ ತಿಂಗಳಲ್ಲಿ. ನಮ್ಮ ಕರಾವಳಿಗೆ ಇದು ಇನ್ನೂ ಹತ್ತಿರದ ವಿಷಯ. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತು 251 ಮಂದಿ ಒತ್ತೆಯಾಳುಗಳಾದಾಗ, ಕರಾವಳಿಯ ಎಷ್ಟೋ ಮನೆಗಳಲ್ಲಿ ಫೋನು ಕೈಯಲ್ಲೇ ಹಿಡಿದು ರಾತ್ರಿ ಕಳೆದವರಿದ್ದರು. ಅದರ ನಂತರದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಫೋನು ಹಿಡಿದು ಕಾಯಲು ಅಲ್ಲಿ ಎಷ್ಟೋ ಮನೆಗಳಲ್ಲಿ ಯಾರೂ ಉಳಿಯಲಿಲ್ಲ.

ಮುಂದೆ ಎರಡೂ ಕಡೆ ಹೊಸ ನಾಯಕರು ಬಂದರೆ, ಆಸೆಗೆ ಆಧಾರವಿದೆಯೇ ಎಂದು ತಿಳಿಯಲು ಏನನ್ನು ಗಮನಿಸಬೇಕು?

ಕೈಕುಲುಕುವ ಚಿತ್ರಕ್ಕಿಂತ ಗಡಿದ್ವಾರದ ಲೆಕ್ಕವನ್ನು ನೋಡಬೇಕು. ದಿನಕ್ಕೆ ಎಷ್ಟು ಲಾರಿ ದಾಟುತ್ತಿವೆ, ಮಾತು ಕೊಟ್ಟ ಸಂಖ್ಯೆಗೂ ಅದಕ್ಕೂ ಅಂತರವೆಷ್ಟು, ಬಿಡುಗಡೆಯಾಗುವ ಕೈದಿಗಳ ಪಟ್ಟಿಯಲ್ಲಿ ದೀರ್ಘಕಾಲದವರಿದ್ದಾರೆಯೇ, ದಾಳಿಯೊಂದು ನಡೆದ ಮರುದಿನ ಎರಡೂ ಕಡೆಯ ಅಧಿಕಾರಿಗಳು ಫೋನಿನಲ್ಲಿ ಮಾತನಾಡುತ್ತಾರೆಯೇ, ವಸಾಹತಿನ ಹೊಸ ಅಡಿಪಾಯಗಳು ಬೀಳುತ್ತಿವೆಯೇ ಎಂಬುದನ್ನು ನೋಡಬೇಕು. ಬಿಟ್ಟುಕೊಡುವುದೇನಾದರೂ ಇದ್ದರೆ ಅದನ್ನು ಯಾರ ಕೈಗೆ, ಯಾರ ಸಹಿಯೊಂದಿಗೆ ಕೊಡುತ್ತಿದ್ದಾರೆ ಎಂಬುದು ಇವೆಲ್ಲಕ್ಕಿಂತ ಮುಖ್ಯ.

ಅಬ್ಬಾಸ್ ನಂತರ ಯಾರು?

ನಾಲ್ಕು ವರ್ಷದ ಅವಧಿಗೆ ಆಯ್ಕೆಯಾದ ಅಬ್ಬಾಸ್ 90 ವರ್ಷ ತುಂಬಿದರೂ ಅದೇ ಹುದ್ದೆಯಲ್ಲಿದ್ದಾರೆ. 2005ರ ನಂತರ ಅಲ್ಲಿ ಅಧ್ಯಕ್ಷೀಯ ಚುನಾವಣೆ ನಡೆದಿಲ್ಲ. 2007ರಲ್ಲಿ ಹಮಾಸ್ ಗಾಜಾವನ್ನು ಬಲವಂತವಾಗಿ ವಶಪಡಿಸಿಕೊಂಡ ಮೇಲೆ ಆಡಳಿತ ಎರಡಾಯಿತು, 2018ರಲ್ಲಿ ಶಾಸನಸಭೆ ವಿಸರ್ಜನೆಗೊಂಡಿತು. ಹಾಗಾಗಿ ಫತ್ತೂಹ್ ಅವರಂತೆ ಹಂಗಾಮಿಯಾಗಿ ಬಂದು ಕೂರಲು ಈಗ ಸ್ಪೀಕರ್ ಇಲ್ಲ. 2025ರ ಏಪ್ರಿಲ್‌ನಲ್ಲಿ ಹುಸೇನ್ ಅಲ್ ಶೇಖ್ ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಲಾಯಿತು. ಸ್ಥಾನ ತೆರವಾದರೆ ಅವರು ಹಂಗಾಮಿಯಾಗಿ ಅಧಿಕಾರ ವಹಿಸಿಕೊಂಡು 90 ದಿನಗಳೊಳಗೆ ಚುನಾವಣೆ ನಡೆಸಬೇಕೆಂಬ ಆದೇಶವೂ ಅದೇ ವರ್ಷ ಹೊರಬಿತ್ತು. 2004ರಲ್ಲಿ ಅಷ್ಟು ದಿನ ಬೇಕಾಗಿರಲಿಲ್ಲ. ಅರಾಫತ್ ತೀರಿಕೊಂಡ 59ನೆಯ ದಿನ ಜನ ಮತಗಟ್ಟೆಗಳ ಮುಂದೆ ಸಾಲಿನಲ್ಲಿ ನಿಂತಿದ್ದರು.